ಹಳದಿ ಪುಡಿಯ ಬೆನ್ನು ಹತ್ತಿ

ಸ್ಪೇನ್ ದೇಶದ ಆಗ್ನೇಯ ಮೂಲೆಯಲ್ಲಿ ಪುಲ್ಪಿ ಎಂಬ ಸಣ್ಣ ಊರು. ಅದರ ಹೊರವಲಯದ ಬೋಳು ಗುಡ್ಡದ ಹೊಟ್ಟೆಯೊಳಕ್ಕೆ ನಾವು ಇಳಿಯುತ್ತಿದ್ದೇವೆ. ತಲೆಯ ಮೇಲೆ ಹೆಲ್ಮೆಟ್ಟು, ಕಾಲಡಿಗೆ ಸುರುಳಿ ಸುತ್ತುತ್ತ ಇಳಿಯುವ ಕಬ್ಬಿಣದ ಮೆಟ್ಟಿಲು. ಸೆಪ್ಟೆಂಬರ್ ಮುಗಿಯುತ್ತ ಬಂದರೂ ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗೆ ಹಿತವಾದ ತಂಪು. ಒಂದು ಕಾಲದಲ್ಲಿ ಕಬ್ಬಿಣ, ಸೀಸಗಳಿಗಾಗಿ ತೋಡಿ ಬಿಟ್ಟುಹೋದ ಗಣಿ ಇದು. ಹೆಸರು ಮಿನಾ ರಿಕಾ. ಸುಮಾರು 60 ಮೀಟರ್ ಆಳದಲ್ಲಿ ಬಂಡೆಗೆ ಒಂದು ಕಂಡಿ. ಒಬ್ಬೊಬ್ಬರಾಗಿ ಹೋಗಿ ಆ ಕಂಡಿಯಲ್ಲಿ ತಲೆ ತೂರಿಸಿ ನೋಡಬೇಕು, ಅಷ್ಟೇ. ಒಳಗೆ ಕಾಲಿಡುವಂತಿಲ್ಲ. ನನ್ನ ಸರದಿ ಬರುತ್ತದೆ, ತಲೆ ತೂರಿಸುತ್ತೇನೆ, ಬಾಯಿಂದ ಮಾತೇ ಹೊರಡುವುದಿಲ್ಲ.

ಎಂಟು ಮೀಟರ್ ಉದ್ದದ ಪೊಟರೆ. ನೆಲದಿಂದ, ಗೋಡೆಯಿಂದ, ಸೂರಿನಿಂದ ಹರಳುಗಳು ಒಂದಕ್ಕೊಂದು ಅಡ್ಡಡ್ಡವಾಗಿ ಚಾಚಿಕೊಂಡಿವೆ. ಕೆಲವು ಎರಡು ಮೀಟರಿನಷ್ಟು ಉದ್ದ. ಹರಳಿನ ಹಿಂದಿನ ಹರಳು, ಅದರ ಹಿಂದಿನದು ಕೂಡ ಕಾಣುವಷ್ಟು ತಿಳಿ. 1999ರಲ್ಲಿ ಖನಿಜ ಹುಡುಕುವ ಹವ್ಯಾಸಿಗಳ ಕಣ್ಣಿಗೆ ಇದು ಬಿತ್ತು. ಇಪ್ಪತ್ತು ವರ್ಷ ಕಾಪಾಡಿ, 2019ರಲ್ಲಿ ಜನರಿಗೆ ಬಾಗಿಲು ತೆರೆದರು. ಯಾವ ರತ್ನವಿರಬಹುದು ಎಂದು ಹಿಂದೆ ನಿಂತ ಅಣ್ಣನ ಮಗಳನ್ನು ಕೇಳಿದೆ.

"ಜಿಪ್ಸಂ ಚಿಕ್ಕಪ್ಪ. ಮನೆಯ ಸೀಲಿಂಗಿಗೆ ಪಿಒಪಿ ಹಾಕ್ತಾರಲ್ಲ, ಅದನ್ನ ಮಾಡೋದೇ ಇದನ್ನ ಸುಟ್ಟು. ಉಗುರಲ್ಲಿ ಗೀರಿದ್ರೂ ಗೀರು ಬೀಳುತ್ತೆ."

ಆಕೆ ಗ್ರನಾದಾದಲ್ಲಿ ಭೂವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. "ಇಲ್ಲಿ ತನಕ ಬರ್ತೀರಂತೆ, ಅರಮನೆಗಳನ್ನ ಮಾತ್ರ ನೋಡಿ ಹೋದ್ರೆ ಹೇಗೆ" ಎಂದು ನನ್ನನ್ನು ಎಳೆದುಕೊಂಡು ಬಂದವಳು. ಕಂಡಿಯಿಂದ ಈಚೆ ಬಂದ ಮೇಲೆ ಅವಳು ಹೇಳಿದಳು: "ಸಲ್ಫೇಟ್ ಮನೆತನದಲ್ಲಿ ಇವಳು ಸುಂದರಿ. ಎಲ್ಲರೂ ಇವಳನ್ನ ನೋಡೋಕೆ ಬರ್ತಾರೆ. ನಾನು ಓದ್ತಿರೋದು ಅದೇ ಮನೆಯ ಇನ್ನೊಬ್ಬಳನ್ನ. ನೋಡೋಕೆ ಹಳದಿ ಮಣ್ಣು, ಅಷ್ಟೆ. ಹೆಸರು ಜರೋಸೈಟ್. ನಾಳೆ ಅವಳ ತವರಿಗೆ ಕರ್ಕೊಂಡು ಹೋಗ್ತೀನಿ."

ಸಲ್ಫೇಟ್ ಎಂದರೆ ನಡುವೆ ಗಂಧಕದ ಒಂದು ಪರಮಾಣು, ಸುತ್ತ ನಾಲ್ಕು ಮೂಲೆಗೆ ಆಮ್ಲಜನಕದ ನಾಲ್ಕು. ಈ ನಾಲ್ಕು ಮೂಲೆಯ ಗಂಟು ಯಾವ ಲೋಹದ ಜೊತೆ ಸೇರಿತು, ಎಷ್ಟು ನೀರನ್ನು ಒಳಗೆ ಕಟ್ಟಿಕೊಂಡಿತು ಎಂಬುದರ ಮೇಲೆ ಬಣ್ಣ, ಗುಣ, ಆಯುಷ್ಯ ಎಲ್ಲವೂ ನಿಂತಿವೆ. ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದವರಿಗೆ ಈ ಮನೆತನ ಹೊಸತೇನಲ್ಲ. ಮಳೆಗಾಲ ಶುರುವಾಗುವ ಹೊತ್ತಿಗೆ ಸುಣ್ಣದ ಜೊತೆ ಕಲಸಿ ಕೊನೆಗೆ ಹೊಡೆಯುವ ಮೈಲುತುತ್ತ ತಾಮ್ರದ ಸಲ್ಫೇಟು. ನಮ್ಮ ಕಡೆ ಕೊಳೆರೋಗದ ಮೂಲ ಹುಡುಕಿ, ಈ ಬೋರ್ಡೋ ದ್ರಾವಣವನ್ನು ರೂಢಿಗೆ ತಂದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್, ಕಳೆದ ಶತಮಾನದ ಮೊದಲ ದಶಕಗಳಲ್ಲಿ. ಅಳಲೆಕಾಯಿಯ ಜೊತೆ ಕುದಿಸಿ ಕಪ್ಪು ಮಸಿ ಮಾಡುತ್ತಿದ್ದ ಅನ್ನಭೇದಿ ಕಬ್ಬಿಣದ ಸಲ್ಫೇಟು. ಕ್ಷೌರದಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ ಪಟಿಕ ಅಲ್ಯೂಮಿನಿಯಂ ಮತ್ತು ಪೊಟ್ಯಾಸಿಯಂ ಸೇರಿದ ಸಲ್ಫೇಟು. ಇಷ್ಟು ದೂರ ಬಂದು, ನೆಲದಡಿಯ ಕತ್ತಲಲ್ಲಿ ನಿಂತು, ಮನೆಯ ಅಟ್ಟದ ಮೇಲಿನ ಡಬ್ಬಿಗಳೆಲ್ಲ ಒಂದೇ ವಂಶದವು ಎಂದು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಮೇಲೆ ಬಂದರೆ ಹೊಟ್ಟೆ ಚುರುಗುಟ್ಟುತ್ತಿದೆ. ಇಲ್ಲಿ ಮಧ್ಯಾಹ್ನದ ಊಟ ಎರಡು, ಎರಡೂವರೆಗೆ ಮೊದಲು ಇಲ್ಲ, ರಾತ್ರಿಯದು ಒಂಬತ್ತೂವರೆಗೆ. ನಡುವೆ ಅಂಗಡಿಗಳೆಲ್ಲ ಕದ ಹಾಕಿ ಮಲಗುತ್ತವೆ. ತರಕಾರಿ ಊಟ ಎಂದು ಎಷ್ಟು ಬಿಡಿಸಿ ಹೇಳಿದರೂ ತಟ್ಟೆಯ ಮೇಲೆ ಹಂದಿಮಾಂಸದ ಚೂರುಗಳು ಉದುರಿಯೇ ಬರುತ್ತವೆ. ಹೋಟೆಲಿನವರ ಕಣ್ಣಿಗೆ ಅದು ಮಾಂಸವಲ್ಲ, ಒಗ್ಗರಣೆ. ನಾನು ಆಕ್ಷೇಪಿಸಿದಾಗ ಹೋಟೆಲಿನ ಅಡುಗೆಯ ಅಜ್ಜಿ ನೊಂದುಕೊಂಡು, ಕೆನ್ನೆಗೆ ಕೈಯಿಟ್ಟು, ಒಳಗೆ ಹೋಗಿ ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಅರೆದು, ಆಲಿವ್ ಎಣ್ಣೆ ಸುರಿದು ತಂದುಕೊಟ್ಟಳು. ಅದರ ರುಚಿ ನಾಲಿಗೆಗೆ ಹಿಡಿದು, ಮುಂದೆ ಹೋದಲ್ಲೆಲ್ಲ ಅದನ್ನೇ ಕೇಳಿ ತಿಂದೆ.

ಮರುದಿನ ಸಿಯೆರಾ ಅಲ್ಮಗ್ರೆರಾ. ಹೆಸರಿಗೆ ಬೆಟ್ಟಸಾಲು, ಎತ್ತರ ಹೆಚ್ಚಿಲ್ಲ. ಒಂದು ಬದಿಗೆ ನೀಲಿ ಮೆಡಿಟರೇನಿಯನ್ ಸಮುದ್ರ, ಇನ್ನೊಂದು ಬದಿಗೆ ಕ್ವೇವಾಸ್ ದೆಲ್ ಅಲ್ಮನ್ಸೋರಾ ಎಂಬ ಊರು. ಸಮುದ್ರದ ಮಗ್ಗುಲಿಗೇ ಇಷ್ಟು ಒಣ ನೆಲ ಇರಬಹುದೆಂದು ನಾನು ಎಣಿಸಿರಲಿಲ್ಲ. ಕಡಲು ಎಂದರೆ ಆಗುಂಬೆ ಇಳಿದು ಹೋಗುವ ಹಸಿರು, ತೆಂಗು, ಸೋರುವ ಮಾಡು ಎಂದುಕೊಂಡು ಬೆಳೆದವನಿಗೆ ಇಲ್ಲಿ ಒಂದು ಮರ ಸಿಗುವುದೂ ಕಷ್ಟ. ಗುಡ್ಡದ ತುಂಬ ಕುಸಿದ ಕುಲುಮೆಗಳು, ಒಂಟಿ ಹೊಗೆಕೊಳವೆಗಳು, ಬಾಯ್ತೆರೆದ ಗಣಿಬಾವಿಗಳು. "ದಾರಿ ಬಿಟ್ಟು ಒಂದು ಹೆಜ್ಜೆ ಕೂಡ ಆಚೆ ಹೋಗ್ಬೇಡಿ" ಎಂದು ಹುಡುಗಿ ಮತ್ತೆ ಮತ್ತೆ ಎಚ್ಚರಿಸುತ್ತಾಳೆ.

ಈ ಬೆಟ್ಟದ ಒಂದು ಕೊರಕಲಿನ ಹೆಸರು ಹರೋಸೊ, ಬರೆಯುವುದು Jaroso ಎಂದು. 1838ರಲ್ಲಿ ಇಲ್ಲಿ ಬೆಳ್ಳಿ ತುಂಬಿದ ಸೀಸದ ಅದಿರು ಸಿಕ್ಕಿತು; ಸುತ್ತಲಿನ ಸೀಮೆಯೆಲ್ಲ ಗುದ್ದಲಿ ಹಿಡಿದು ಗುಡ್ಡ ಹತ್ತಿತು. ಆ ಗದ್ದಲ ಇನ್ನೂ ಇಳಿಯದ 1852ರಲ್ಲಿ ಜರ್ಮನಿಯ ಖನಿಜಶಾಸ್ತ್ರಜ್ಞ ಔಗುಸ್ಟ್ ಬ್ರೈಟ್‌ಹಾಪ್ಟ್ ಇಲ್ಲಿಯ ಮಾದರಿಗಳಲ್ಲಿ ಅದುವರೆಗೆ ಹೆಸರಿಲ್ಲದಿದ್ದ ಒಂದು ಖನಿಜವನ್ನು ಗುರುತಿಸಿ, ಕೊರಕಲಿನ ಹೆಸರನ್ನೇ ಅದಕ್ಕಿಟ್ಟ. ಎಲ್ಲರೂ ಬೆಳ್ಳಿಯ ಮೇಲೆ ಕಣ್ಣಿಟ್ಟಿದ್ದಾಗ ಅದರ ಮೇಲಿನ ಹಳದಿ ಪುಡಿಯನ್ನು ನೋಡುವ ವ್ಯವಧಾನ ಅವನಿಗೆ ಹೇಗೆ ಬಂತೋ!

ಒಂದು ಬಂಡೆಯ ಸಂದಿನಲ್ಲಿ ಆಕೆ ತೋರಿಸುತ್ತಾಳೆ. ಸಾಸಿವೆ ಬಣ್ಣಕ್ಕೂ ಕಂದಿಗೂ ನಡುವಿನ ಒಂದು ಹಕ್ಕಳೆ. ಪಕ್ಕದಲ್ಲೇ ತುಕ್ಕು ಬಣ್ಣದ ಇನ್ನೊಂದು. ನನ್ನ ಕಣ್ಣಿಗೆ ಎರಡೂ ಮಣ್ಣೇ. ಅವಳು ಚೀಲದಿಂದ ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆ ತೆಗೆದು ಎರಡನ್ನೂ ಅದರ ಮೇಲೆ ಉಜ್ಜಿದಳು. ತುಕ್ಕಿನ ಬಣ್ಣದ್ದು ಕಂದುಗೆರೆ ಬಿಟ್ಟಿತು. ಅದು ಗೋಥೈಟ್, ಕಬ್ಬಿಣದ ಆಕ್ಸಿಹೈಡ್ರಾಕ್ಸೈಡು. ಇನ್ನೊಂದು ತೆಳು ಹಳದಿ ಗೆರೆ ಎಳೆಯಿತು. ಅದೇ ಜರೋಸೈಟ್. ಭೂತಗನ್ನಡಿ ಹಿಡಿದು ನೋಡಿದರೆ ಪುಡಿಯೊಳಗೆ ಪುಟಾಣಿ ಹರಳುಗಳು, ಕೆಲವು ಘನಾಕೃತಿಯಂತೆ ಕಂಡರೂ ನಿಜದಲ್ಲಿ ಮೂರು ಮಡಿಕೆಯ ಸಮಮಿತಿಯವು, ಜೇನಿನ ಬಣ್ಣದವು, ಬಿಸಿಲಿಗೆ ಮಿನುಗುವಂಥವು. ಗಡಸುತನ ಎರಡೂವರೆಯಿಂದ ಮೂರೂವರೆ, ಅಂದರೆ ಉಗುರಿಗೆ ಜಗ್ಗದು, ಚಾಕುವಿಗೆ ಸೋಲುತ್ತದೆ. ನೀರಿನ ಮೂರು ಪಟ್ಟು ತೂಕ. ಬಡಿದರೆ ಒಡೆದು ಪುಡಿಯಾಗುತ್ತದೆ. ಮಳೆನೀರಿಗೆ ಸುಲಭವಾಗಿ ಕರಗದು; ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕರಗುತ್ತದೆ. ನಿನ್ನೆಯ ಸುಂದರಿಯ ಎದುರು ಇದು ಎಷ್ಟು ಸಣ್ಣದು! ಆದರೂ ಕನ್ನಡಿಯಿಂದ ಕಣ್ಣು ಕೀಳಲು ನನಗೆ ಮನಸ್ಸಾಗಲಿಲ್ಲ.

ಹಳದಿ ಪುಡಿಯ ಜಾಡಿನಲ್ಲಿ ಮುಂದಿನ ದಾರಿ ಪಶ್ಚಿಮಕ್ಕೆ: ಅಲ್ಮೆರೀಯಾದಿಂದ ಸೆವಿಯಾಕ್ಕೆ ಬಸ್ಸು. ತಬೆರ್ನಾಸ್ ಮರುಭೂಮಿಯ ಅಂಚು ಹಾದುಹೋಗುತ್ತದೆ. ಅಮೆರಿಕದ ಕೌಬಾಯ್ ಕಥೆಗಳೆಂದು ನಾವು ಟಾಕೀಸಿನಲ್ಲಿ ಕೂತು ನೋಡಿದ ಎಷ್ಟೋ ಸಿನಿಮಾ ತೆಗೆದದ್ದು ಈ ಸ್ಪೇನಿನ ಮಣ್ಣಿನಲ್ಲಿ. ಗ್ವಾದಿಕ್ಸ್‌ನಲ್ಲಿ ಗುಡ್ಡ ಕೊರೆದು ಮಾಡಿದ ಮನೆಗಳು, ನೆಲದಿಂದ ಮೇಲೆ ಬಿಳಿ ಚಿಮಣಿಗಳು ಮಾತ್ರ ಎದ್ದು ನಿಂತಿವೆ. ದಾರಿ ಉದ್ದ. ಖನಿಜಗಳಿಗೆ ಮನೆತನ ಗುರುತಿಸುವುದು ಹೇಗೆ ಎಂದು ಕೇಳಿದೆ. ಅವಳಿಗೆ ಬೇಕಾದದ್ದೂ ಅದೇ.

"ಬಣ್ಣ ನೋಡಿ ಗುಂಪು ಮಾಡಿದ್ರೆ ಮೋಸ ಹೋಗ್ತೀವಿ ಚಿಕ್ಕಪ್ಪ. ಒಳಗಿನ ಋಣ ಅಯಾನು ಯಾವುದು ಅಂತ ಮೊದಲು ನೋಡ್ಬೇಕು."

ಜರ್ಮನಿಯ ಹ್ಯೂಗೊ ಸ್ಟ್ರುಂಜ್ 1941ರಲ್ಲಿ ರೂಪಿಸಿದ ಪಟ್ಟಿಯೇ ತಿದ್ದುಪಡಿಗಳೊಂದಿಗೆ ಇಂದೂ ಬಳಕೆಯಲ್ಲಿದೆ. ಅದರಲ್ಲಿ ಏಳನೆಯ ವರ್ಗ ಸಲ್ಫೇಟುಗಳದ್ದು. ಅಲ್ಲಿ ಕೇಳುವುದು ಎರಡೇ ಪ್ರಶ್ನೆ. ಸಲ್ಫೇಟಿನ ಜೊತೆಗೆ ಇನ್ನೊಂದು ಋಣ ಅಯಾನು ಇದೆಯೇ? ಒಳಗೆ ನೀರಿದೆಯೇ? ಜಿಪ್ಸಮ್ಮಿಗೆ ಬೇರೆ ಋಣ ಅಯಾನಿಲ್ಲ, ನೀರಿದೆ. ಮೈಲುತುತ್ತ, ಅನ್ನಭೇದಿಗಳೂ ಹಾಗೆಯೇ, ನೀರನ್ನು ಕಟ್ಟಿಕೊಂಡವು; ಕಾಸಿದರೆ ನೀರು ಬಿಟ್ಟು ಬಣ್ಣ ಕಳೆದುಕೊಳ್ಳುತ್ತವೆ. ಜರೋಸೈಟ್ ತದ್ವಿರುದ್ಧ: ನೀರಿನ ಅಣುವಿಲ್ಲ, ಬದಲಿಗೆ ಆರು ಹೈಡ್ರಾಕ್ಸಿಲ್‌ಗಳಿವೆ. ಅದರ ವಿಳಾಸ 7.ಬಿಸಿ.10. ಒಂದು ಪೊಟ್ಯಾಸಿಯಂ, ಮೂರು ಕಬ್ಬಿಣ, ಎರಡು ಸಲ್ಫೇಟ್, ಆರು ಹೈಡ್ರಾಕ್ಸಿಲ್: ಇದಿಷ್ಟು ಸೂತ್ರ. ಕಬ್ಬಿಣದ ಜಾಗದಲ್ಲಿ ಅಲ್ಯೂಮಿನಿಯಂ ಕೂತರೆ ಅದು ಆಲುನೈಟ್. ಶತಮಾನಗಳ ಕಾಲ ಯುರೋಪಿನ ಬಣ್ಣಗಾರರಿಗೆ ಪಟಿಕ ಒದಗಿಸಿದ್ದು ಅದೇ ಕಲ್ಲು.

ಅಷ್ಟರಲ್ಲಿ ಒಂದು ನಿಲ್ದಾಣದಲ್ಲಿ ಬಸ್ಸಿನ ಅರ್ಧ ಜನ ಇಳಿದು ಬೇರೆ ಜನ ಹತ್ತಿದರು. "ಸರಿಯಾಗಿ ಹೀಗೇ ಚಿಕ್ಕಪ್ಪ! ಬಸ್ಸು ಅದೇ, ಸೀಟು ಅವೇ, ಕೂತವರು ಮಾತ್ರ ಬೇರೆ" ಎಂದಳು. ಪೊಟ್ಯಾಸಿಯಂನ ಸೀಟಿನಲ್ಲಿ ಸೋಡಿಯಂ ಕೂರಬಹುದು, ಅಮೋನಿಯಂ ಕೂರಬಹುದು, ಸೀಸ ಕೂರಬಹುದು, ಬೆಳ್ಳಿಯೂ ಕೂರಬಹುದು. ಪ್ರತಿಯೊಂದಕ್ಕೂ ಬೇರೆ ಹೆಸರು. ಸಲ್ಫೇಟಿನ ಜಾಗವನ್ನೇ ಫಾಸ್ಫೇಟು, ಆರ್ಸೆನೇಟುಗಳಿಗೆ ಬಿಟ್ಟುಕೊಟ್ಟ ಬಂಧುಗಳೂ ಇದ್ದಾರೆ. ಹೊರಗಿನ ಬಣ್ಣ, ಒಳಗಿನ ಧಾತು ಏನೇ ಬದಲಾಗಲಿ, ಚೌಕಟ್ಟು ಒಂದೇ ಎಂಬ ಕಾರಣಕ್ಕೆ ಇವೆಲ್ಲವನ್ನೂ ಒಟ್ಟು ಸೇರಿಸಿ ಆಲುನೈಟ್ ಮಹಾಗಣ ಎಂದು 2010ರಲ್ಲಿ ಹೊಸದಾಗಿ ವಿಂಗಡಿಸಿದರು. ಕುಟುಂಬದ ಗುರುತು ಆಸ್ತಿಯಲ್ಲಿಲ್ಲ, ಮನೆಯ ಕಟ್ಟೋಣದಲ್ಲಿದೆ ಎಂಬ ಈ ಯೋಚನೆ ನನಗೆ ಬಹಳ ಹಿಡಿಸಿತು.

ಸೆವಿಯಾದಲ್ಲಿ ರಾತ್ರಿ ಉಳಿದೆವು. ಕಡಲೆಕಾಳು ಹಾಕಿ ಜೀರಿಗೆಯಲ್ಲಿ ಬೇಯಿಸಿದ ಪಾಲಕ್ ಪಲ್ಯ ಸಿಕ್ಕಿತು. ಹೊಟ್ಟೆ ತಣ್ಣಗಾಯಿತು. ಬೆಳಿಗ್ಗೆ ಮಿನಾಸ್ ದೆ ರಿಯೊತಿಂತೊ ಎಂಬ ಗಣಿಯೂರಿಗೆ ಹೊರಟೆವು.

ಬೆಟ್ಟದ ತಿರುವು ಹತ್ತುತ್ತ ಹೋದಂತೆ ಕಾರ್ಕ್ ಓಕ್ ಮರಗಳೂ ನೀಲಗಿರಿ ನೆಡುತೋಪುಗಳೂ ಮುಗಿದು, ನೆಲದ ಬಣ್ಣ ಬದಲಾಗುತ್ತದೆ. ಕೆಂಪು, ನೇರಳೆ, ಕಿತ್ತಳೆ, ಗಂಧಕದ ಹಳದಿ, ಬೂದಿ. ಇಷ್ಟು ಬಣ್ಣದ ಮಣ್ಣನ್ನು ಒಂದೇ ನೋಟದಲ್ಲಿ ನಾನು ಎಲ್ಲಿಯೂ ಕಂಡಿಲ್ಲ. ಇಲ್ಲಿ ಐದು ಸಾವಿರ ವರ್ಷಗಳಿಂದ ಮನುಷ್ಯ ಅಗೆಯುತ್ತಲೇ ಇದ್ದಾನೆ. ಒಂದು ಕಾಲಕ್ಕೆ ಗಣಿ ನಡೆಸಿದ ಇಂಗ್ಲಿಷ್ ಕಂಪನಿಯ ಹಳೆಯ ಆಸ್ಪತ್ರೆಯೇ ಈಗ ಗಣಿ ಮ್ಯೂಸಿಯಂ. ಅದರ ನೆಲಮಾಳಿಗೆಯಲ್ಲಿ ರೋಮನ್ನರ ಕಾಲದ ಸುರಂಗದ ಪ್ರತಿಕೃತಿ ಮಾಡಿಟ್ಟಿದ್ದಾರೆ. ತಲೆ ಬಗ್ಗಿಸಿ ನಡೆದರೆ ಎಣ್ಣೆದೀಪದ ಗೂಡುಗಳು, ನೀರೆತ್ತುವ ಮರದ ಚಕ್ರ. ಆಳದಲ್ಲಿ ಜಿನುಗುವ ನೀರನ್ನು ಒಂದು ಚಕ್ರ ಎತ್ತಿ ಮೇಲಿನ ಚಕ್ರಕ್ಕೆ ಒಪ್ಪಿಸುವುದು, ಅದು ಇನ್ನೂ ಮೇಲಕ್ಕೆ. ತುಳಿಯುತ್ತಿದ್ದವರು ಗುಲಾಮರು.

ಇಲ್ಲಿ ನನಗೆ ಗೊತ್ತಾದ ಒಂದು ಸಂಗತಿ ಇಡೀ ಪ್ರವಾಸದ ರೂಪವನ್ನೇ ಬದಲಿಸಿತು. ರೋಮನ್ನರೂ ಅವರಿಗೆ ಮೊದಲಿನವರೂ ಈ ಬೆಟ್ಟದಿಂದ ತೆಗೆದ ಬೆಳ್ಳಿ ಬಹುಪಾಲು ಹೊಳೆಯುವ ಅದಿರಿನದ್ದಲ್ಲ, ಹಳದಿ ಮಣ್ಣಿನದ್ದು! ಬೆಟ್ಟದ ನೆತ್ತಿಯಲ್ಲಿ ತುಕ್ಕು ಹಿಡಿದ ಕಬ್ಬಿಣದ ಟೋಪಿ, ತಳದಲ್ಲಿ ಗಂಧಕದ ಅದಿರು, ಎರಡರ ನಡುವೆ ತೆಳ್ಳಗಿನ ಜರೋಸೈಟ್ ಪದರ. ಪೊಟ್ಯಾಸಿಯಂನ ಸೀಟುಗಳಲ್ಲಿ ಅಲ್ಲಲ್ಲಿ ಬೆಳ್ಳಿ, ಸೀಸಗಳು ಬಂದು ಕೂತಿದ್ದವಲ್ಲ, ಆ ಮಣ್ಣನ್ನು ಸೀಸದ ಜೊತೆ ಕರಗಿಸಿ ಬೆಳ್ಳಿ ಬೇರ್ಪಡಿಸುತ್ತಿದ್ದರು. ಕರಗಿಸಿ ಚೆಲ್ಲಿದ ಕಿಟ್ಟದ ರಾಶಿಗಳು ಲಕ್ಷಾಂತರ ಟನ್ ಲೆಕ್ಕದಲ್ಲಿ ಬಿದ್ದಿದ್ದವು. ಖನಿಜದ ಚೌಕಟ್ಟು, ಪರಮಾಣು ಎಂಬ ಮಾತೆಲ್ಲ ತಿಳಿಯದ ಆ ಕುಲುಮೆಯವರಿಗೆ ಯಾವ ಹಳದಿಯಲ್ಲಿ ಬೆಳ್ಳಿ ಇದೆ, ಯಾವುದರಲ್ಲಿ ಇಲ್ಲ ಎಂಬುದು ಕೈಯ ಅನುಭವದಿಂದಲೇ ಗೊತ್ತಿತ್ತು. ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ.

ಅದೇ ಮ್ಯೂಸಿಯಂನ ಇನ್ನೊಂದು ಕೋಣೆಯಲ್ಲಿ ಭಾರತ ಎದುರಾಯಿತು. ಮಹಾರಾಜನ ಬೋಗಿ ಎಂದು ಇಲ್ಲಿಯವರು ಕರೆಯುವ ರೈಲುಗಾಡಿ. ವಿಕ್ಟೋರಿಯಾ ರಾಣಿಯ ಭಾರತ ಪ್ರವಾಸಕ್ಕೆಂದು 1892ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕಟ್ಟಿದ್ದು ಎಂದು ಮ್ಯೂಸಿಯಂನವರ ವಿವರಣೆ. ರಾಣಿ ಭಾರತಕ್ಕೆ ಬರಲೇ ಇಲ್ಲ. ಬೋಗಿ ಗಣಿ ಕಂಪನಿಯ ಪಾಲಾಗಿ ಇಲ್ಲಿಗೆ ಬಂತು. ಒಳಗೆ ನುಣುಪು ಮರದ ಕೆತ್ತನೆ, ಮೆತ್ತನೆ ಪೀಠಗಳು. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನನ್ನು ನೋಡಿದ ಕಣ್ಣಿಗೆ ಇದು ಪರಿಚಿತವೇ ಅನ್ನಿಸಿತು.

ಹತ್ತಿರದಲ್ಲೇ ಬೆಯಾ ವಿಸ್ತಾ ಎಂಬ ಬಡಾವಣೆ. ಕಾಲಿಡುತ್ತಲೇ ನನಗೆ ಕೆಜಿಎಫ್‌ಗೆ ಬಂದಂತಾಯಿತು. ಇಳಿಜಾರು ಮಾಡಿನ ಬಂಗಲೆಗಳು, ಪುಟ್ಟ ಪ್ರಾಟೆಸ್ಟೆಂಟ್ ಚರ್ಚು, ಕ್ಲಬ್ಬು, ಟೆನಿಸ್ ಅಂಗಳ. ಸ್ಪೇನ್ ಸರ್ಕಾರ ಈ ಗಣಿಯನ್ನು ಬ್ರಿಟಿಷ್ ಬಂಡವಾಳಗಾರರಿಗೆ ಮಾರಿದ್ದು 1873ರಲ್ಲಿ. ಜಾನ್ ಟೇಲರ್ ಕಂಪನಿ ಕೋಲಾರದಲ್ಲಿ ಕಾಲೂರಿದ್ದು 1880ರಲ್ಲಿ. ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ, ಒಂದೇ ನಕ್ಷೆಯ ಬದುಕು ಭೂಮಿಯ ಎರಡು ಕಡೆ ಎದ್ದು ನಿಂತಿದೆ. ಸ್ಪೇನಿನ ಹೆಣ್ಣನ್ನು ಮದುವೆಯಾದ ಇಂಗ್ಲಿಷ್ ನೌಕರ ಈ ಬಡಾವಣೆಯನ್ನು ಬಿಟ್ಟು ಹೋಗಬೇಕಿತ್ತಂತೆ. ಸ್ಪೇನಿಗೆ ಫುಟ್‌ಬಾಲ್ ಹೊಕ್ಕದ್ದೂ ಈ ಗಣಿಯವರಿಂದಲೇ. ದೇಶದ ಅತಿ ಹಳೆಯ ಕ್ಲಬ್ ಎಂದು ಹೆಸರಾದ ವೆಲ್ವಾದ ರೆಕ್ರಿಯಾತಿವೊ ಹುಟ್ಟಿದ್ದು 1889ರಲ್ಲಿ.

ಅದಕ್ಕೆ ಒಂದು ವರ್ಷ ಮೊದಲಿನ ಕಥೆ ಊರಿನ ಹಿರಿಯರೊಬ್ಬರು ಹೇಳಿದರು. ಅವರ ತಂದೆ, ಅಜ್ಜ ಗಣಿಯವರು. ತಾಮ್ರ ತೆಗೆಯಲು ಅದಿರನ್ನು ಬಯಲಲ್ಲೇ ರಾಶಿ ಹಾಕಿ ತಿಂಗಳುಗಟ್ಟಲೆ ಸುಡುತ್ತಿದ್ದರು. ಗಂಧಕದ ಹೊಗೆ ಇಡೀ ಸೀಮೆಯನ್ನು ಕವಿದು ಬೆಳೆ ಸುಟ್ಟಿತು, ಎದೆ ಕಟ್ಟಿತು. 1888ರ ಫೆಬ್ರವರಿ 4ರಂದು ರೈತರು, ಕಾರ್ಮಿಕರು, ಹೆಂಗಸರು, ಮಕ್ಕಳು ಮೆರವಣಿಗೆಯಲ್ಲಿ ಬಂದು ಊರ ಚೌಕದಲ್ಲಿ ನಿಂತರು. ಸೈನಿಕರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 13. ಜನರ ನೆನಪಿನಲ್ಲಿ ಅದರ ಎಷ್ಟೋ ಪಟ್ಟು. ಕಥೆ ಹೇಳಿದ ಹಿರಿಯರು ಆ ವರ್ಷವನ್ನು ಗುಂಡುಗಳ ವರ್ಷ ಎಂದೇ ಕರೆದರು. ಗಾಳಿಗಾಗಿ ಜನ ಪ್ರಾಣ ಕೊಟ್ಟ ಹೋರಾಟ ಇಷ್ಟು ಹಳೆಯದೆಂದು ನಮ್ಮ ಪಠ್ಯಗಳು ಹೇಳಬೇಕಿತ್ತು.

ಕೋರ್ತಾ ಅತಲಾಯಾ ಎಂಬ ತೆರೆದ ಗಣಿಯ ಅಂಚಿನಲ್ಲಿ ನಿಂತರೆ ಕಾಲು ಹಿಂದೆ ಸರಿಯುತ್ತದೆ. ಸುಮಾರು 1200 ಮೀಟರ್ ಉದ್ದ, 900 ಮೀಟರ್ ಅಗಲ, 350 ಮೀಟರ್ ಆಳ. ಮೆಟ್ಟಿಲು ಮೆಟ್ಟಿಲಾಗಿ ಇಳಿದ ಗೋಡೆಗಳು, ತಳದಲ್ಲಿ ನೀರು. ಜೋಗದ ಗುಂಡಿಯ ಮೇಲಂಚಿನಲ್ಲಿ ನಿಂತು ಕೆಳಗೆ ನೋಡಿದ್ದೇನೆ. ಇದರ ಆಳ ಅದಕ್ಕಿಂತ ಹೆಚ್ಚು. ಜೋಗವನ್ನು ಶರಾವತಿ ಕೊರೆಯಿತು, ಇದನ್ನು ಮನುಷ್ಯರ ಕೈ.

ಗಣಿಯ ಹಳೆಯ ರೈಲು 1875ರಲ್ಲಿ ವೆಲ್ವಾ ಬಂದರಿನವರೆಗೆ 84 ಕಿಲೋಮೀಟರ್ ಓಡತೊಡಗಿತ್ತು. ಅದರ ಹತ್ತು-ಹನ್ನೆರಡು ಕಿಲೋಮೀಟರಿನ ತುಂಡನ್ನು ಪ್ರವಾಸಿಗರಿಗಾಗಿ ಉಳಿಸಿಕೊಂಡಿದ್ದಾರೆ. ಮರದ ಬೆಂಚು, ತೆರೆದ ಕಿಟಕಿ, ಕಿಟಕಿಯಿಂದ ಬಂದು ಅಂಗಿಯ ಮೇಲೆಲ್ಲ ಕೂರುವ ಕೆಂಧೂಳು. ಹಳಿಯ ಪಕ್ಕಕ್ಕೇ ರಿಯೊ ತಿಂತೊ ಹೊಳೆ ಓಡುತ್ತದೆ. ನಡುವೆ ಇಳಿಸಿ, ನೀರಿನ ಬಳಿ ಬಿಡುತ್ತಾರೆ.

ಮಳೆಗಾಲದ ತುಂಗೆಯೂ ಕೆಂಪೇ. ಆದರೆ ಅದು ಮಣ್ಣಿನ ಕೆಂಪು, ಅದರಲ್ಲಿ ಮುಳುಗಿಸಿದ ಕೈ ಕಾಣುವುದಿಲ್ಲ. ಈ ಹೊಳೆ ಕಡುಗೆಂಪಾಗಿದ್ದೂ ತಿಳಿಯಾಗಿದೆ. ತಳದ ಒಂದೊಂದು ಕಲ್ಲೂ ಕಾಣುತ್ತದೆ. ಕಬ್ಬಿಣ ಇಲ್ಲಿ ತೇಲುತ್ತಿಲ್ಲ, ಕರಗಿದೆ. ಹುಡುಗಿ ಪಿಎಚ್ ಕಾಗದ ಅದ್ದಿದಳು. ಎರಡರ ಆಸುಪಾಸು, ನಿಂಬೆರಸದಷ್ಟು ಹುಳಿ. ಕಬ್ಬಿಣ, ಗಂಧಕ ಸೇರಿದ ಪೈರೈಟ್ ಕಲ್ಲಿಗೆ ನೀರು, ಗಾಳಿ ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ. ಆ ಕೆಲಸವನ್ನು ಸಾವಿರಾರು ಪಟ್ಟು ಚುರುಕುಗೊಳಿಸುವುದು ಕಬ್ಬಿಣವನ್ನೇ ತಿಂದು ಬದುಕುವ ಬ್ಯಾಕ್ಟೀರಿಯಾಗಳು. ಇಂಥ ನೀರಿನಲ್ಲೂ ಹಸಿರು ಪಾಚಿಯ ಎಳೆಗಳು ತೊನೆಯುತ್ತಿದ್ದವು! ಗಣಿಗಾರಿಕೆ ಹೊಳೆಯ ಹುಳಿಯನ್ನು ಹೆಚ್ಚಿಸಿದೆ ನಿಜ. ಆದರೆ ದಂಡೆಯ ಎತ್ತರದಲ್ಲಿ ಗಟ್ಟಿಯಾಗಿ ನಿಂತ ಕಬ್ಬಿಣದ ಹಳೆಯ ಪದರಗಳನ್ನು ನೋಡಿದರೆ ಮನುಷ್ಯ ಬರುವುದಕ್ಕೂ ಬಹಳ ಹಿಂದೆ ಈ ಹೊಳೆ ಹೀಗೆಯೇ ಹರಿಯುತ್ತಿತ್ತು ಎಂದು ತಿಳಿಯುತ್ತದೆ.

ನದಿಯ ಮೂಲದ ಬಳಿ ಪೆನ್ಯಾ ದೆ ಇಯೆರ್ರೊ ಗಣಿ. ಮತ್ತೆ ಹೆಲ್ಮೆಟ್ಟು, ಸುರಂಗ. ಸುರಂಗದ ಕೊನೆಗೆ ಗಣಿಗುಂಡಿಯ ಕೆಂಪು ಕೆರೆ. ಬೇಸಗೆ ಮುಗಿಯುವ ಈ ಹೊತ್ತಿನಲ್ಲಿ ದಂಡೆಯ ಮೇಲೆಲ್ಲ ಲವಣಗಳು ಅರಳಿವೆ. ನನಗೀಗ ಇವುಗಳ ಮನೆತನ ಗೊತ್ತು, ಒಂದೊಂದರ ಮುಂದೂ ಕುಕ್ಕರುಗಾಲಲ್ಲಿ ಕೂರುತ್ತೇನೆ. ಕ್ಯಾನರಿ ಹಕ್ಕಿಯ ಹಳದಿಯಲ್ಲಿ ಕೋಪಿಯಾಪೈಟ್. ಬಿಳಿಯ ಪುಟ್ಟ ತಗಡುಗಳಾಗಿ ರಾಂಬೊಕ್ಲೇಸ್. ಹುಡುಕಿದರೆ ತಿಳಿನೇರಳೆಯ ಕೋಕಿಂಬೈಟ್, ಸಂಗ್ರಹಕಾರರು ಪ್ರಾಣ ಬಿಡುವಂಥ ಅಪರೂಪದ್ದು. ನೆರಳಿನ ಕಡೆ ಹಸಿರು ಛಾಯೆಯ ಮೆಲಾಂಟರೈಟ್, ಅಂದರೆ ನಮ್ಮ ಅನ್ನಭೇದಿ. ಎಲ್ಲವೂ ನೀರನ್ನು ಒಳಗೆ ಕಟ್ಟಿಕೊಂಡ ಸಲ್ಫೇಟುಗಳು. ಅಕ್ಟೋಬರಿನ ಮೊದಲ ಜೋರು ಮಳೆಗೆ ಇಷ್ಟೂ ಕರಗಿ ಹೊಳೆ ಸೇರುತ್ತವೆ. ಮುಂದಿನ ಬೇಸಗೆಗೆ ಮತ್ತೆ ಅರಳುತ್ತವೆ. ಉಳಿಯುವುದು ಒಂದೇ.

"ಅದಕ್ಕೇ ನನಗೆ ಜರೋಸೈಟ್ ಇಷ್ಟ. ಆಮ್ಲದ ನೀರಿಲ್ಲದೆ ಅದು ಹುಟ್ಟಲ್ಲ. ಹುಟ್ಟಿದ ಮೇಲೆ ಸಪ್ಪೆ ನೀರಲ್ಲಿ ಬಹಳ ಕಾಲ ನೆನೆದ್ರೆ ಗೋಥೈಟ್ ಆಗ್ಬಿಡುತ್ತೆ. ಜರೋಸೈಟ್ ಸಿಕ್ತು ಅಂದ್ರೆ ಎರಡು ವಿಷಯ ಒಟ್ಟಿಗೆ ಗೊತ್ತಾಯ್ತು: ಇಲ್ಲಿ ಹುಳಿನೀರು ಇತ್ತು, ಆಮೇಲೆ ನೀರು ಹೋಯ್ತು."

ಈ ಮಾತಿನ ತೂಕ ಅರಿಯಲು ಆಕಾಶ ನೋಡಬೇಕು. ಅಮೆರಿಕದಲ್ಲಿದ್ದ ರೋಜರ್ ಬರ್ನ್ಸ್ ಎಂಬ ವಿಜ್ಞಾನಿ 1987ರಲ್ಲೇ ಮಂಗಳ ಗ್ರಹದಲ್ಲಿ ಜರೋಸೈಟ್ ಇರಬೇಕೆಂದು ಊಹಿಸಿದ್ದರು. 1994ರಲ್ಲಿ ಅವರು ತೀರಿಕೊಂಡರು. ಹತ್ತು ವರ್ಷದ ಮೇಲೆ, 2004ರ ಆರಂಭದಲ್ಲಿ, ಆಪರ್ಚುನಿಟಿ ಎಂಬ ಬಂಡಿ ಮಂಗಳದ ಮೆರಿಡಿಯಾನಿ ಬಯಲಿನ ಸಣ್ಣ ಕುಳಿಯೊಂದರಲ್ಲಿ ಇಳಿಯಿತು. ಎದುರಿಗೇ ಬಂಡೆ. ಜರ್ಮನಿಯ ಮೈನ್ಸ್ ನಗರದಲ್ಲಿ ತಯಾರಾದ ಒಂದು ಸಣ್ಣ ಉಪಕರಣವನ್ನು ಆ ಬಂಡೆಗೆ ಒತ್ತಿ ಹಿಡಿದಾಗ ಕಬ್ಬಿಣದ ಗುರುತುಗಳ ನಡುವೆ ಜರೋಸೈಟಿನ ಸಹಿ ಸ್ಪಷ್ಟವಾಗಿ ಕಂಡಿತು. ಅಲ್ಲಿ ಒಮ್ಮೆ ನೀರಿತ್ತು, ಅದು ಹುಳಿಯಾಗಿತ್ತು ಎಂಬುದಕ್ಕೆ ಸಿಕ್ಕ ಮೊದಲ ಗಟ್ಟಿ ಪುರಾವೆಗಳಲ್ಲಿ ಅದೊಂದು. ಮುಂದೆ ಕ್ಯೂರಿಯಾಸಿಟಿ ಬಂಡಿ ಗೇಲ್ ಕುಳಿಯಲ್ಲಿ ಸಿಕ್ಕ ಜರೋಸೈಟಿನ ವಯಸ್ಸನ್ನೂ ಅಲ್ಲೇ ಅಳೆಯಿತು. ಅದರೊಳಗಿನ ಪೊಟ್ಯಾಸಿಯಂ ಆರ್ಗಾನ್ ಆಗಿ ಬದಲಾದ ಪ್ರಮಾಣದಿಂದ ಸುಮಾರು 210 ಕೋಟಿ ವರ್ಷ ಎಂದು ಬಂತು. ಖನಿಜದ ಸೀಟಿನಲ್ಲಿ ಕೂತ ಆ ಪೊಟ್ಯಾಸಿಯಮ್ಮೇ ಗಡಿಯಾರ!

ಈ ಪೆನ್ಯಾ ದೆ ಇಯೆರ್ರೊದಲ್ಲೇ 2003ರಿಂದ ಸ್ಪೇನಿನ ಖಗೋಳ ಜೀವವಿಜ್ಞಾನ ಕೇಂದ್ರ ಮತ್ತು ನಾಸಾ ಸೇರಿ ನೆಲ ಕೊರೆದರು. ಮಂಗಳದ ನೆಲದಡಿ ಜೀವವಿದ್ದರೆ ಅದನ್ನು ಹುಡುಕುವುದು ಹೇಗೆ ಎಂದು ಕಲಿಯುವ ತಾಲೀಮು ಅದು. ಬಿಸಿಲಿಗೆ ಬಳಲಿ, ನೀರಿನ ಬಾಟಲಿಯೂ ಖಾಲಿಯಾಗಿ, ಆ ಕೆಂಪು ದಂಡೆಯ ಮೇಲೆ ಕೂತ ನನಗೆ ಇನ್ನೊಂದು ಗ್ರಹದ ಮೇಲೆ ಕೂತಂತೆ ಅನ್ನಿಸಿದರೆ ಅದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇದೇ ಪುಡಿ ಅಂಟಾರ್ಕ್ಟಿಕಾದ ಟಾಲೋಸ್ ಡೋಮ್‌ನ ಹಿಮದೊಳಗೆ, ಸಾವಿರ ಮೀಟರಿಗೂ ಕೆಳಗೆ, ಕೂಡ ಸಿಕ್ಕಿದೆ. ಗಾಳಿಯಲ್ಲಿ ಬಂದು ಬಿದ್ದ ಧೂಳು, ಹಿಮದೊಳಗಿನ ಆಮ್ಲ, ಇವೆರಡೇ ಅದಕ್ಕೆ ಸಾಕಾದವು. ಸತುವಿನ ಕಾರ್ಖಾನೆಗಳು ಬೇಡದ ಕಬ್ಬಿಣವನ್ನು ತೊಲಗಿಸಲು ಬೇಕೆಂದೇ ಜರೋಸೈಟ್ ಹುಟ್ಟಿಸಿ ರಾಶಿ ಹಾಕುತ್ತವೆ. ಮಂಗಳದಲ್ಲಿ ಸಾಕ್ಷಿ, ಹಿಮದಲ್ಲಿ ಅಚ್ಚರಿ, ಕಾರ್ಖಾನೆಯ ಹಿತ್ತಲಲ್ಲಿ ಕಸ.

ಹೊಳೆಯ ಜಾಡಿನಲ್ಲೇ ಕೆಳಗೆ ನಿಯೆಬ್ಲಾ ಎಂಬ ಊರಿನಲ್ಲಿ ಅದರ ಮೇಲೆ ರೋಮನ್ನರು ಕಟ್ಟಿದ ಸೇತುವೆ, ಊರ ಸುತ್ತ ಅರಬರ ಕಾಲದ ಕೆಮ್ಮಣ್ಣಿನ ಕೋಟೆ. ಬಸ್ಸು ತಪ್ಪಿದ್ದರಿಂದ ಇದನ್ನು ನೋಡಲು ಸಿಕ್ಕಿತು. ಕೋಟೆಯ ನೆರಳಿನಲ್ಲಿ ಕೂತು ಅಂಜೂರ ತಿಂದೆವು.

ವೆಲ್ವಾದಲ್ಲಿ ತಿಂತೊ ಹೊಳೆ ಒದಿಯೆಲ್ ಹೊಳೆಯನ್ನು ಕೂಡಿ ಸಮುದ್ರ ಸೇರುತ್ತದೆ. ಅದಿರು ತುಂಬಲು ಕಂಪನಿ 1876ರಲ್ಲಿ ಮುಗಿಸಿದ ಕಬ್ಬಿಣ, ಮರಗಳ ಸೇತುವೆ ನೀರಿನೊಳಕ್ಕೆ ಬಾಗಿ ನಿಂತಿದೆ; ಸಂಜೆಗೆ ಊರಿನವರೆಲ್ಲ ಅದರ ಮೇಲೆ ಗಾಳಿಗೆ ಬರುತ್ತಾರೆ. ಎದುರು ದಂಡೆಯಲ್ಲಿ ಪಾಲೋಸ್. 1492ರ ಆಗಸ್ಟ್ 3ರಂದು ಕೊಲಂಬಸ್ ಮೂರು ಹಡಗುಗಳೊಡನೆ ಹೊರಟಿದ್ದು ಇದೇ ನದೀಮುಖದಿಂದ, ನಮ್ಮ ಕಡೆಯ ನಾಡುಗಳನ್ನು ಹುಡುಕಿಕೊಂಡು. ಹಡಗುಗಳ ಪ್ರತಿಕೃತಿಗಳನ್ನು ಕಟ್ಟಿ ನಿಲ್ಲಿಸಿದ್ದಾರೆ. ಹತ್ತಿ ನೋಡಿದರೆ ಅವು ಎಷ್ಟು ಚಿಕ್ಕವೆಂದರೆ, ಮಲ್ಪೆಯ ದೊಡ್ಡ ಟ್ರಾಲರ್ ದೋಣಿಗಳೇ ನೆನಪಾದವು.

ಇಲ್ಲಿ ನೀರಿನ ಬಣ್ಣ ಬೇರೆ. ಸಮುದ್ರದ ಉಪ್ಪುನೀರು ಹೊಳೆಯ ಹುಳಿಯನ್ನು ಮುರಿಯುತ್ತಿದ್ದಂತೆ ಕರಗಿದ್ದ ಕಬ್ಬಿಣ ಕಾವಿಬಣ್ಣದ ಕೆಸರಾಗಿ ತಳ ಸೇರುತ್ತದೆ. "ಇಲ್ಲಿಗೆ ಜರೋಸೈಟಿನ ಗಡಿ ಮುಗೀತು, ಈ ನೀರಲ್ಲಿ ಅದು ಬಾಳಲ್ಲ" ಎಂದಳು ಹುಡುಗಿ. ದಡದ ಹೋಟೆಲಿನಲ್ಲಿ ಕೂತು, ಕಾಗದದ ಕರವಸ್ತ್ರದ ಮೇಲೆ ಅವಳು ಇನ್ನೊಂದು ನಕ್ಷೆ ಬರೆಯತೊಡಗಿದಳು. ಅದು ಗುಜರಾತಿನ ಕಚ್ಛ್. ಅಲ್ಲಿನ ಮಾತಾನೊ ಮಢ ಎಂಬ ಊರಿನ ಬಳಿ, ದಖನ್ ಲಾವಾ ಕಲ್ಲಿಗೆ ಹೊಂದಿಕೊಂಡ ಪದರಗಳಲ್ಲಿ ಜರೋಸೈಟ್ ಇರುವುದನ್ನು ಇಸ್ರೊ ವಿಜ್ಞಾನಿಗಳು ಗುರುತಿಸಿ, ಮಂಗಳದ ಕಲ್ಲಿಗೆ ಹೋಲಿಸಿ 2016ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ಲಾವಾ ಕಲ್ಲಿನ ಮಗ್ಗುಲಿನ ಜರೋಸೈಟ್ ಆದ್ದರಿಂದ ಮಂಗಳಕ್ಕೆ ಅದು ರಿಯೊ ತಿಂತೊಗಿಂತಲೂ ಹತ್ತಿರದ ಹೋಲಿಕೆ ಆಗಬಹುದು ಎಂಬುದು ಅವಳ ವಾದ. ಚಳಿಗಾಲದಲ್ಲಿ ಮಾದರಿ ತರಲು ಅಲ್ಲಿಗೆ ಹೋಗುತ್ತಾಳಂತೆ.

"ಬರ್ತೀರಾ ಚಿಕ್ಕಪ್ಪ? ಅಲ್ಲಿ ಊಟದ ಚಿಂತೆಯಿಲ್ಲ, ರೊಟ್ಲಾ, ಕಢಿ, ಬೇಕಾದಷ್ಟು ಮಜ್ಜಿಗೆ."

"ಬರದೆ ಇರ್ತೀನೇನೇ? ಆ ಪಿಂಗಾಣಿ ಬಿಲ್ಲೆ ಇನ್ನೊಂದಿದ್ದರೆ ನನಗೂ ಕೊಡು" ಎಂದೆ. ಬೆಂಗಳೂರಿನಿಂದ ಅಹಮದಾಬಾದ್, ಅಲ್ಲಿಂದ ಭುಜ್, ಭುಜ್‌ನಿಂದ ಬಸ್ಸು ಎಂದು ಅವಳ ನಕ್ಷೆಯ ಅಂಚಿನಲ್ಲಿ ನಾನು ದಾರಿ ಬರೆದುಕೊಳ್ಳತೊಡಗಿದೆ.